ಐದು ಶಾಲೆ, ಐದು ಪಿಸ್ತೂಲು

ಓಪಲ್‌ಳ ಸ್ವೆಟರಿನ ಅಡಿಯಲ್ಲಿ ಪಿಸ್ತೂಲಿದೆ ಎಂಬುದು ಲೆನೋರಾಗೆ ಖಾತ್ರಿಯಾಗಿತ್ತು. ಮೇ ತಿಂಗಳ ಸೆಕೆಯಲ್ಲಿ ತೊಡೆ ಮುಚ್ಚುವಷ್ಟು ಉದ್ದದ ಉಣ್ಣೆಯ ಸ್ವೆಟರನ್ನು ಮತ್ತೇಕೆ ಯಾರಾದರೂ ತೊಟ್ಟಾರು? ಶಾಲೆಯ ಊಟದ ಕೋಣೆಯಲ್ಲಿ ಜನ ತುಂಬುತ್ತಿದ್ದರು. ಓಪಲ್ ತನ್ನ ಕುರ್ಚಿಯನ್ನು ಒಬ್ಬ ಮುದುಕನಿಗೆ ಬಿಟ್ಟುಕೊಟ್ಟು ಇನ್ನೊಂದನ್ನು ಹುಡುಕುತ್ತಿದ್ದಳು. ಲೆನೋರಾ ಮುಖ ತಿರುಗಿಸಿಕೊಂಡಳು.

ಒಹಾಯೊದ ಆ ನದಿಯೂರಿನ ಐದು ಶಾಲೆಗಳಲ್ಲಿ ತಲಾ ಒಬ್ಬ ಉಪಾಧ್ಯಾಯರು ತರಬೇತಿ ಪಡೆದು, ತಾವೇ ಕೊಂಡ ಪಿಸ್ತೂಲು ಇಟ್ಟುಕೊಳ್ಳುವ ಏರ್ಪಾಟಿಗೆ ಒಂದು ವರ್ಷವಾಗಿತ್ತು. ಅದನ್ನು ಶಾಲೆಗೆ ಇಬ್ಬರಂತೆ ಏರಿಸಿ ಕಾಯಂ ಮಾಡಬೇಕೇ ಎಂದು ಶಾಲಾ ಮಂಡಳಿ ಆ ಸಂಜೆ ಮತ ಹಾಕಲಿತ್ತು. ಪಿಸ್ತೂಲು ಯಾರ ಬಳಿ ಇದೆಯೆಂಬುದು ಅಧ್ಯಕ್ಷ ಗ್ಯಾರಿಟಿಯೊಬ್ಬನಿಗೇ ಗೊತ್ತು. ಹೆಸರು ಬಾಯಿಬಿಟ್ಟವರ ಕೆಲಸ ಹೋಗುತ್ತದೆ.

ಲೆನೋರಾ ಬಾಯಿಬಿಡಲೆಂದೇ ಬಂದಿದ್ದಳು.

ಪಕ್ಕದ ಕೌಂಟಿಯ ಶಾಲೆಯೊಂದರಲ್ಲಿ ಗುಂಡಿಗೆ ಮಕ್ಕಳು ಬಲಿಯಾದ ಮೇಲೆ ಈ ಇಬ್ಬರು ಉಪಾಧ್ಯಾಯಿನಿಯರೇ ಸಂಘ ಕಟ್ಟಿದ್ದು. ಶನಿವಾರ ಬಂದರೆ ಮನೆಮನೆಗೆ ಹೋಗಿ ಬಂದೂಕಿಗೆ ಹಾಕುವ ಬೀಗ ಹಂಚುತ್ತಿದ್ದರು. ಮುಖಕ್ಕೆ ಬಾಗಿಲು ಹಾಕಿಸಿಕೊಂಡು, ಅದೇ ಮನೆಯ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದರು. ಪಿಸ್ತೂಲಿನ ಏರ್ಪಾಟು ಬಂದಾಗ ಅದನ್ನು ಎಲ್ಲರಿಗಿಂತ ಜೋರಾಗಿ ವಿರೋಧಿಸಿದವಳೂ ಓಪಲ್.

ಆಮೇಲೆ ಒಂದು ಶನಿವಾರ ಅವಳು ಬರಲಿಲ್ಲ. ಮರುವಾರವೂ ಇಲ್ಲ. ಅವಳ ಕಾರು ಗುರಿ ಹೊಡೆಯುವ ಮೈದಾನದ ಮುಂದೆ ನಿಂತಿದ್ದನ್ನು ಲೆನೋರಾ ಕಣ್ಣಾರೆ ಕಂಡಳು. ಮುಂದೆ ಆ ಸ್ವೆಟರು ಬಂತು. ಓಡಿಬಂದು ಸೊಂಟ ತಬ್ಬುವ ಮಕ್ಕಳನ್ನು ಓಪಲ್ ಈಗ ತೋಳಿನಳತೆಯಲ್ಲೇ ತಡೆದು, ಮಂಡಿಯೂರಿ ಕೂತು ಕೈ ಕುಲುಕುತ್ತಿದ್ದಳು. ಲೆನೋರಾಗೆ ಇದೇ ಎಲ್ಲಕ್ಕಿಂತ ಹೆಚ್ಚು ನೋವಾಗಿದ್ದು.

ಬಂದೂಕು ಹಿಡಿದವರು ನುಗ್ಗಿದರೆ ಅಡಗಿಕೊಳ್ಳುವ ತಾಲೀಮಿನ ದಿನ ದೀಪ ಆರಿಸಿದ ಮೇಲೆ, ಇಬ್ಬರ ತರಗತಿಗಳ ನಡುವಿನ ಗಾಜಿನಲ್ಲಿ ಓಪಲ್ ಕಂಡಿದ್ದಳು. ಒಂದೊಂದು ಕೈಯಲ್ಲಿ ಒಂದೊಂದು ಅಳುವ ಮಗುವನ್ನು ಹಿಡಿದುಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಇಷ್ಟು ಅಕ್ಕರೆಯಿರುವವಳು ಪಿಸ್ತೂಲನ್ನೂ ಇಟ್ಟುಕೊಂಡಿದ್ದಾಳಲ್ಲ ಎಂದು ಲೆನೋರಾಗೆ ಸಿಟ್ಟು ಬಂತು.

ನೇರವಾಗಿ ಕೇಳಿಯೂ ನೋಡಿದ್ದಳು.

"ನಾನು ಏನು ಇಟ್ಕೊಂಡಿದೀನಿ ಅಂತ ನೋಡೋಕೆ ಬರ್ಬೇಡ," ಎಂದಿದ್ದಳು ಓಪಲ್. "ಸಿಟ್ಟು ಮಾಡ್ಕೋ. ಜೋರಾಗೇ ಮಾಡ್ಕೋ, ಎಲ್ಲರಿಗೂ ಕಾಣೋ ಹಾಗೆ."

ಲೆನೋರಾ ಹಾಗೇ ಮಾಡಿದಳು. ಉಪಾಧ್ಯಾಯರ ಕೋಣೆಯಲ್ಲಿ ಓಪಲ್ ಕೂತ ಮೇಜಿಗೆ ಹೋಗುತ್ತಿರಲಿಲ್ಲ. ತನಗೆ ಜ್ವರ ಬಂದಾಗ ಓಪಲ್ ಬಾಗಿಲ ಬಳಿ ಇಟ್ಟುಹೋದ ಕೋಳಿ ಸೂಪನ್ನು ಬಚ್ಚಲಿಗೆ ಸುರಿದಳು.

ಕಾಫಿ ಮೇಜಿನ ಬಳಿ ಹೈಸ್ಕೂಲಿನ ಫುಟ್‌ಬಾಲ್ ಕೋಚ್ ವೇಡ್ ಹಾರ್ಗನ್ ಸಿಕ್ಕಿದ. ಅವನ ಟ್ರಕ್ಕಿನ ಹಿಂದೆ ಬಂದೂಕಿನ ಚಿತ್ರ ಅಂಟಿಸಿರುವುದು ಊರಿಗೆಲ್ಲ ಗೊತ್ತು.

"ಇವತ್ತೂ ಭಾಷಣಾನಾ, ಮಿಸ್ ಫಿಸ್ಕ್? ನಮ್ಮ ಶಾಲೆ ಪಿಸ್ತೂಲಿನ ಚಿಂತೆ ಬಿಡಿ. ಅದು ಯಾವ ಮಗು ಕೈಗೂ ಸಿಗಲ್ಲ, ನಂದು ಗ್ಯಾರಂಟಿ."

"ನಿಮ್ಮ ಗ್ಯಾರಂಟಿ ನಂಬ್ಕೊಂಡು ಮಕ್ಕಳನ್ನ ಶಾಲೆಗೆ ಕಳಿಸೋಕಾಗಲ್ಲ, ಕೋಚ್."

ಅವನು ನಕ್ಕು, ಅವಳ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕಲಕಿ ಕೊಟ್ಟ. ಓಪಲ್‌ಗೆ ಮಾತ್ರ ಗೊತ್ತಿದ್ದ ಈ ಎರಡು ಚಮಚದ ಲೆಕ್ಕ ಇವನಿಗೆ ಹೇಗೆ ಗೊತ್ತಾಯಿತು ಎಂದು ಲೆನೋರಾಗೆ ಸೋಜಿಗವಾಯಿತು.

ಸಭೆ ಶುರುವಾಯಿತು. ಗ್ಯಾರಿಟಿ ತೃಪ್ತಿಯಿಂದ ಮಾತಾಡಿದ. ವರ್ಷವಿಡೀ ಒಂದು ಅನಾಹುತವೂ ಇಲ್ಲ, ಎಲ್ಲ ಆ ಐದು ಪಿಸ್ತೂಲುಗಳ ಪುಣ್ಯ ಎಂದ. "ಈ ಕ್ಷಣ, ಇದೇ ಕೋಣೆಯಲ್ಲಿ, ಆ ಐದೂ ಜನ ಕೂತು ನಿಮ್ಮನ್ನ ಕಾಯ್ತಿದಾರೆ."

ಚಪ್ಪಾಳೆ ಬಿತ್ತು. ಲೆನೋರಾ ಮೈಕಿನ ಮುಂದೆ ಹೋಗಿ ನಿಂತಳು.

"ನಾಳೆ ನನ್ನ ಕೆಲಸ ಕಿತ್ಕೊಳ್ಳಿ. ನನ್ನ ಕ್ಲಾಸಿನ ಮಕ್ಕಳು ಯಾವ ಸೊಂಟವನ್ನ ತಬ್ಬಿಕೊಳ್ಳೋ ಹಾಗಿಲ್ಲ ಅಂತ ಅವರ ಅಪ್ಪ ಅಮ್ಮಂದಿರಿಗೆ ಗೊತ್ತಿರಬೇಕು. ನಮ್ಮ ಶಾಲೆ ಪಿಸ್ತೂಲು ಇರೋದು ಓಪಲ್ ಟ್ರೆಂಟ್ ಹತ್ತಿರ."



ನೀವು ಉತ್ತರ ಕೊಡಬೇಕಾಗಿಲ್ಲ ಎಂದು ಗ್ಯಾರಿಟಿ ಓಪಲ್‌ಗೆ ಹೇಳಿದ. ಅವಳು ಆಗಲೇ ಎದ್ದಿದ್ದಳು. ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಕುರ್ಚಿಗೆ ಹಾಕಿ, ಎಲ್ಲರಿಗೂ ಕಾಣುವಂತೆ ನಿಧಾನವಾಗಿ ಒಂದು ಸುತ್ತು ತಿರುಗಿದಳು. ತೆಳ್ಳನೆ ಅಂಗಿ, ಹಳೆಯ ಬೆಲ್ಟು. ಬೇರೇನೂ ಇರಲಿಲ್ಲ.

"ತರಬೇತಿ ಮುಗಿಸಿದೆ. ಗುರೀನೂ ಚೆನ್ನಾಗೇ ಹೊಡೆದೆ. ಪಿಸ್ತೂಲು ಮಾತ್ರ ಕೊಳ್ಳಲೇ ಇಲ್ಲ," ಎಂದಳು. "ಶಾಲೆಗೆ ಒಂದೇ ಜಾಗ. ನಾನು ಕೂತ್ಕೊಂಡ್ರೆ ಇನ್ನೊಬ್ಬರು ಕೂರೋ ಹಾಗಿಲ್ಲ. ಕೇಳಿದ್ರೆ ಗುಟ್ಟು ಒಡೆಯುತ್ತೆ ಅಂತ ನೀವ್ಯಾರೂ ಕೇಳಲೂ ಇಲ್ಲ. ಹಾಗಾದ್ರೆ ನಮ್ಮ ಮಕ್ಕಳನ್ನ ಈ ವರ್ಷ ಯಾವ ಪಿಸ್ತೂಲು ಕಾಯ್ತು, ಮಿಸ್ಟರ್ ಗ್ಯಾರಿಟಿ?"

ಮತ್ತೆ ಲೆನೋರಾಳ ಕಡೆ ತಿರುಗಿ, ತರಗತಿಯಲ್ಲಿ ಮಾತಾಡುವಷ್ಟೇ ಮೆಲ್ಲನೆ ಹೇಳಿದಳು: "ನಿನ್ನ ಸಿಟ್ಟು ನೋಡೇ ಕಣೆ ಇವರೆಲ್ಲ ನನ್ನ ನಂಬಿದ್ದು."



ಗ್ಯಾರಿಟಿ ಕೆಂಪಾದ. ಒಂದು ಶಾಲೆಯವರು ಮೋಸ ಮಾಡಿದರೆ ಏರ್ಪಾಟು ಕೆಟ್ಟದ್ದಾಗುವುದಿಲ್ಲ, ಉಳಿದ ನಾಲ್ಕು ಶಾಲೆಗಳು ಭದ್ರವಾಗಿವೆ ಎಂದು ಕೂಗಿದ. ಎಡಗಡೆ ಒಂದು ಕುರ್ಚಿ ಕಿರುಗುಟ್ಟಿತು. ಪೂರ್ವ ಬೀದಿಯ ಶಾಲೆಯ ಲೈಬ್ರರಿಯವಳು ಎದ್ದು ಕೋಟು ತೆರೆದು, ಒಳಗೇನೂ ಇಲ್ಲವೆಂದು ತೋರಿಸಿದಳು. ಅವಳ ಬೆನ್ನಿಗೇ ಇನ್ನೊಂದು ಶಾಲೆಯ ಸಂಗೀತದ ಮೇಷ್ಟ್ರು. ಅವರ ಬೆನ್ನಿಗೆ ಮತ್ತೊಂದು ಶಾಲೆಯ ಇನ್ನೊಬ್ಬಳು.

ಗ್ಯಾರಿಟಿ ನಿಯಮವನ್ನೆಲ್ಲ ಮರೆತು, ಕಾಫಿ ಮೇಜಿನತ್ತ ದೈನ್ಯದಿಂದ ನೋಡಿದ. "ವೇಡ್, ನೀನಾದ್ರೂ ಹೇಳಪ್ಪ."

ವೇಡ್ ಹಾರ್ಗನ್ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು, ಜಾಕೆಟ್ಟಿನ ಜಿಪ್ಪು ಬಿಚ್ಚಿ, ಖಾಲಿ ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತ.