ಮುಷ್ಟಿ ಅಂದರೆ ನಿಲ್ಲು

ಬೈರಣ್ಣನ ಪುಟ್ಟ ಜೀಪು ನೇರವಾಗಿ ಹೋಗಿ ಬಂಡೆಗೆ ಗುದ್ದಿತು. ಹೋದ ವಾರವಷ್ಟೇ ಹಾಕಿಸಿದ್ದ ಕಬ್ಬಿಣದ ಬಂಪರ್ ಠಣ್ಣೆಂದಿತು. ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅವನ ಹೆಂಡತಿ ನಾರಾಯಣಮ್ಮ ಧಡಕ್ಕನೆ ಎದ್ದು ನಿಂತಳು.

ಉತ್ತರಹಳ್ಳಿಯ ರಾಗಿ ಹೊಲದ ಜಾಗದಲ್ಲಿ ಮೂರಂತಸ್ತಿನ ಮನೆ ಎದ್ದು, ಬಾಡಿಗೆ ಕೈಗೆ ಬರುವಂತಾದ ಮೇಲೆ ಬೈರಣ್ಣನಿಗೆ ಅರವತ್ತೇಳನೇ ವಯಸ್ಸಿನಲ್ಲಿ ಈ ಹುಚ್ಚು ಹಿಡಿದಿತ್ತು. ನಾಲ್ಕೂ ಚಕ್ರ ಎಳೆಯುವ ಜೀಪು. ಅದನ್ನು ಎರಡು ಇಂಚು ಎತ್ತರಿಸಿದ್ದಾಯಿತು, ಕೆಸರಿನ ಟೈರು ಹಾಕಿಸಿದ್ದಾಯಿತು. ಇನ್ನು ಲೈಟುಗಳೋ, ಮದುವೆ ಮನೆಗೆ ಸಾಲುವಷ್ಟಿದ್ದವು. ಭಾನುವಾರ ಬಂದರೆ ಸುಬ್ರಹ್ಮಣ್ಯಪುರದಾಚೆಯ ಖಾಲಿ ಜಾಗದಲ್ಲಿ ಹುಡುಗರ ಜೊತೆ ಹಳ್ಳ ದಿಣ್ಣೆ ಹತ್ತಿಸುವ ಕೆಲಸ. ಅದೆಲ್ಲ ಏನಾದರೂ ಮಾಡಿಕೊಳ್ಳಲಿ ಎಂದು ನಾರಾಯಣಮ್ಮ ಸುಮ್ಮನಿದ್ದಳು. ಆದರೆ ಮುಂದಿನ ಭಾನುವಾರ ಆರು ವರ್ಷದ ಮೊಮ್ಮಗಳು ಚೈತನ್ಯಳನ್ನೂ ಕೂರಿಸಿಕೊಂಡು ಕನಕಪುರದ ಕಡೆಯ ಬೆಟ್ಟಕ್ಕೆ ಹೋಗುತ್ತೇನೆ ಎಂದು ಅವನು ಹೇಳಿದಾಗ, "ನಾನು ಒಂದ್ಸಲ ಕಣ್ಣಾರೆ ನೋಡ್ತೀನಿ, ಆಮೇಲೇ ಮಗೂನ ಕಳ್ಸೋದು" ಎಂದು ಇವತ್ತು ಜೊತೆಗೆ ಬಂದಿದ್ದಳು. ನೋಡಿದ್ದು ಇದು.

"ನೀನು ಕೈ ಸರಿಯಾಗಿ ತೋರಿಸ್ಲಿಲ್ಲ ಕಣೋ ಮನೋಜ," ಎಂದು ಬೈರಣ್ಣ ಕಿಟಕಿಯಿಂದ ಗದರಿದ.

ಜೀಪಿನ ಮುಂದೆ ನಿಂತಿದ್ದ ಮನೋಜನ ಮುಖ ಸಪ್ಪಗಾಯಿತು. ಕಲ್ಲು ಮುಳ್ಳಿನ ಕಡೆ ಒಬ್ಬರು ಎದುರಿಗೆ ನಿಂತು ದಾರಿ ತೋರಿಸಬೇಕು, ಓಡಿಸುವವನು ಅವರ ಕೈಯನ್ನೇ ನೋಡಬೇಕು. ಅಂಗೈ ಎಡಕ್ಕೆ ಬೀಸಿದರೆ ಎಡ, ಬಲಕ್ಕೆ ಬೀಸಿದರೆ ಬಲ, ಮುಷ್ಟಿ ಎತ್ತಿದರೆ ನಿಲ್ಲು. ಬಾಯಿ ಬಿಡುವಂತಿಲ್ಲ. ತಲೆಗೊಂದು ಕೂಗಿದರೆ ಓಡಿಸುವವನು ಗೊಂದಲಕ್ಕೆ ಬೀಳುತ್ತಾನೆ ಎಂಬುದು ಆ ಹುಡುಗರ ಕಟ್ಟುನಿಟ್ಟು.

"ಅಂಕಲ್, ಮುಷ್ಟಿ ಎತ್ಕೊಂಡೇ ನಿಂತಿದ್ನಲ್ಲ!"

"ನಿನ್ ಕೈ ನಂಗೆ ಅರ್ಥ ಆಗಲ್ಲ ಗುರು. ಇವ್ಳು ನಿಂತ್ಕೊಳ್ಲಿ. ಬಾರೇ ಇಲ್ಲಿ."

ನಾರಾಯಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿಗೆ ಹೋಗಿ ನಿಂತಳು. ಜೀಪು ಗುರ್ ಎಂದಿತೋ ಇಲ್ಲವೋ, ಮನೋಜ ಹೇಳಿಕೊಟ್ಟ ಕೈಸನ್ನೆಯೆಲ್ಲ ಮರೆತೇಹೋಯಿತು. ಹಿಂದೆ ರಾಗಿ ಹೊರೆಯ ಗಾಡಿ ಕೆರೆ ಏರಿ ಹತ್ತುವಾಗ ಎತ್ತುಗಳ ಮುಂದೆ ನಿಂತು ಕೂಗುತ್ತಿದ್ದ ದನಿಯೇ ಬಾಯಿಗೆ ಬಂತು. "ಬಾ, ಬಾ... ಎಡಕ್ಕೆ... ಇನ್ನೊಂಚೂರು ಎಡಕ್ಕೆ... ಹೋ! ಹೋ! ಈಗ ಬಾ..." ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಜೀಪು ಮಾತ್ರ ಒಂದು ಕಲ್ಲಿಗೂ ತಾಗದೆ ದಿಣ್ಣೆ ಹತ್ತಿ ನಿಂತಿತು.

"ಸಖತ್ ಆಂಟಿ! ಕೈ ಎತ್ಲೇ ಇಲ್ವಲ್ಲ ನೀವು!" ಎಂದ ಮನೋಜ. ನಾರಾಯಣಮ್ಮನಿಗೆ ಒಳಗೊಳಗೇ ಹಿಗ್ಗು. ಮಗುವನ್ನು ಕಳಿಸಬಹುದು ಎಂದು ಆಗಲೇ ತೀರ್ಮಾನಿಸಿಬಿಟ್ಟಳು.

ವಾಪಸು ಬರುವಾಗ ಜೀಪು ನಿಧಾನಕ್ಕೇ ಹೋಗುತ್ತಿತ್ತು. ಐವತ್ತು ವರ್ಷ ತುಳಿದ ದಾರಿ. ತಿರುವಿನ ಹತ್ತಿರ ಬೈರಣ್ಣ ಕೇಳಿದ, "ಎದುರಿಗೆ ಬರ್ತಿರೋದು ಯಾವ್ ಬಸ್ಸು?"

"ಬನಶಂಕರಿದು. ಬೋರ್ಡ್ ಅಷ್ಟು ದೊಡ್ಡದಾಗಿದ್ಯಲ್ಲ."

"ಬಿಸ್ಲು ಕಣ್ಣಿಗೆ ಹೊಡೀತಿದೆ ಕಣೇ."

ಬಿಸಿಲು ಅವರ ಬೆನ್ನಿಗಿತ್ತು. ನಾರಾಯಣಮ್ಮ ಗಂಡನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಗಾಜಿನಾಚೆ ಬಾನೆಟ್ಟಿನ ಮೇಲೆ ಸಾಲಾಗಿ ಕೂತ ಲೈಟುಗಳನ್ನು ನೋಡಿದಳು. ಯುಗಾದಿಗೆ ಎರಡು ಬಂದಿದ್ದವು. ಗಣೇಶನ ಹಬ್ಬಕ್ಕೆ ಇನ್ನೆರಡು. ಮೊನ್ನೆ ದೀಪಾವಳಿಗೆ ಜೀಪಿನ ತಲೆಯ ಮೇಲೆ ಮೊಳದುದ್ದದ್ದೊಂದು. "ಹಳೇದು ಏನೂ ಸಾಲ್ದು" ಎಂದು ಪ್ರತಿ ಸಲವೂ ಗ್ಯಾರೇಜಿಗೆ ಓಡಿದ್ದ. ಮುದುಕನಿಗೆ ಶೋಕಿ ಜಾಸ್ತಿಯಾಯಿತು ಎಂದು ಅವಳು ಕೇರಿಗೆಲ್ಲ ಹೇಳಿಕೊಂಡು ನಕ್ಕಿದ್ದಳು. ಈಗ ಮನೆ ಬರುವವರೆಗೆ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಕೂತಳು.

"ತಡೀರಿ, ಗೇಟ್ ತೆಗೀತೀನಿ," ಎಂದು ಇಳಿದಳು. ಗೇಟಿನ ಎರಡೂ ಬಾಗಿಲು ತೆರೆದು, ಪಕ್ಕಕ್ಕೆ ಸರಿಯದೆ ನಡುವೆಯೇ ನಿಂತಳು. ನಾಲ್ಕು ಗಂಟೆಯ ಬೆಳಕು ಅವಳ ಮೈಮೇಲೆ ಚೆಲ್ಲಿತ್ತು. ಜೀಪು ಮೆಲ್ಲಗೆ ಹೊರಟಿತು. ನಾರಾಯಣಮ್ಮ ಬಲಗೈ ಎತ್ತಿ ಮುಷ್ಟಿ ಕಟ್ಟಿದಳು. ಬಾಯಿ ಬಿಡಲಿಲ್ಲ.

ಜೀಪು ಬರುತ್ತಲೇ ಇತ್ತು. ಹತ್ತು ಅಡಿ. ಐದು ಅಡಿ. ಗಾಜಿನಾಚೆ ಬೈರಣ್ಣ ಅವಳ ಕಡೆಗೇ ನೋಡುತ್ತ ಹಾಯಾಗಿ ಕೂತಿದ್ದ. ತನ್ನ ಅನುಮಾನವೇ ಸುಳ್ಳಾಗಲಿ ದೇವರೇ ಎಂದು ಅವಳು ಮುಷ್ಟಿಯನ್ನು ಇನ್ನೂ ಮೇಲಕ್ಕೆತ್ತಿದಳು. ಬಂಪರ್ ಇನ್ನೇನು ಸೀರೆಯ ನೆರಿಗೆಗೆ ತಾಗಬೇಕು.

"ಹೋ!"

ಜೀಪು ಗಕ್ಕನೆ ನಿಂತಿತು. ಬೈರಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ ರೇಗಿದ.

"ಸುಮ್ನೆ ಕಂಬದ್ ಥರ ನಿಂತಿದ್ಯಲ್ಲೇ! ಬಾಯಲ್ಲಿ ಹೇಳಕ್ಕಾಗ್ದಿದ್ರೆ ಕೈನಾದ್ರೂ ತೋರಿಸ್ಬಾರ್ದಾ?"

ನಾರಾಯಣಮ್ಮನ ಮುಷ್ಟಿ ಇನ್ನೂ ಎತ್ತಿದಂತೆಯೇ ಇತ್ತು.