ಮೂರು ಗಂಟೆಯ ದಾರಿ

ಗಂಡ ದಿಲ್ಲಿಯಿಂದ ಬರುವಷ್ಟರಲ್ಲಿ ಮನೆ ಬಿಡಬೇಕೆಂದು ಸೊಸೆ ಬೆಳಗಿನಿಂದ ಬೀದಿ ಬಾಗಿಲನ್ನೂ ತೆಗೆಯದೆ ಬಟ್ಟೆ ತುಂಬುತ್ತಿದ್ದಳು. ಹೋದ ಸಲ ಅವನು ಹೊಡೆದ ಏಟಿಗೆ ಬಾತುಕೊಂಡ ಕೈ ಇನ್ನೂ ಮಡಚಲು ಬರುತ್ತಿರಲಿಲ್ಲ.

"ಹೆದರಬೇಡ ಕಣೇ, ಅವನನ್ನು ಹೆತ್ತವಳು ನಾನೇ ಹೋಗು ಅಂತಿದ್ದೀನಿ," ಎಂದಳು ಅತ್ತೆ. "ದಿಲ್ಲಿ ಏನು ಪಕ್ಕದ ಬೀದಿಯೇ? ಹಾರಿಕೊಂಡು ಬಂದರೂ ಮೂರು ಗಂಟೆ ಬೇಕು."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅವನೇ.

"ಎಲ್ಲಿದ್ದೀರಿ?" ಎಂದಳು ಸೊಸೆ.

"ದಿಲ್ಲೀಲಿ. ಈಗ ವಿಮಾನ ಹತ್ತುತ್ತಾ ಇದ್ದೀನಿ. ಅಮ್ಮ ಏನು ಮಾಡ್ತಿದ್ದಾಳೆ?"

"ತರಕಾರಿ ಹೆಚ್ಚುತ್ತಿದ್ದಾರೆ."

ಸೊಸೆ ಮೂರು ಬೆರಳು ತೋರಿಸಿದಳು. ಅತ್ತೆ ನಿರಾಳವಾಗಿ ಉಸಿರುಬಿಟ್ಟು ಪೆಟ್ಟಿಗೆಯ ಮುಚ್ಚಳ ಅದುಮಿ ಹಿಡಿದಳು.

"ಅದಿರಲಿ," ಎಂದ ಅವನು, "ಹೊಸ್ತಿಲ ಮುಂದೆ ಇವತ್ತು ರಂಗೋಲಿ ಯಾಕೆ ಹಾಕಿಲ್ಲ?"