ಗಾಡಿಯ ಮೂಗಿಗೆ ಭಂಡಾರ

ಸೊಸೈಟಿಯ ಗೇಟು ದಾಟಿದರೆ ಎದುರಿಗೇ ಏರು. ಶ್ಯಾಮರಾವ್ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ಕಾರು ತಿಣುಕುತ್ತ ಅರ್ಧಕ್ಕೆ ಹೋಗಿ ನಿಂತೇಬಿಟ್ಟಿತು. ಹಿಂದಿನ ಸ್ಕೂಟರುಗಳೆಲ್ಲ ಒಟ್ಟಿಗೆ ಹಾರ್ನ್ ಬಾರಿಸಿದವು. ಬೆಳಗಿನ ಹೊತ್ತಿನಲ್ಲಿ ಪುಣೆಯ ಕೋಥರೂಡದ ಮಂದಿಗೆ ಯಾರ ಮೇಲೂ ಕರುಣೆ ಇರುವುದಿಲ್ಲ. ಲಕ್ವಾ ಹೊಡೆದು ಎದ್ದ ಮೇಲೆ, ಇನ್ನು ಗಾಡಿ ಓಡಿಸಬಹುದು ಎಂದು ಡಾಕ್ಟರು ಹೇಳಿದ ಮೇಲೆ, ಅವರು ಸ್ಟೇರಿಂಗ್ ಹಿಡಿದದ್ದು ಇದೇ ಮೊದಲು. ಹಾಗೇ ಹಿಂದಕ್ಕೆ ಇಳಿಸಿ ಗೇಟಿನೊಳಗೆ ನಿಲ್ಲಿಸಿ, ಕೀಲಿ ತೆಗೆದು ಪಕ್ಕದಲ್ಲಿ ಕೂತ ಹೆಂಡತಿಯ ಮಡಿಲಿಗೆ ಹಾಕಿದರು.

"ಮುಗೀತು, ಅಂಬಾ. ಕಾಲಾಗ ಕಸುವು ಉಳದಿಲ್ಲ. ಗಾಡಿ ಮಾರಿಬಿಡೋಣು."

ಅಂಬಾಬಾಯಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಮಾರುವುದು ಬರೀ ಗಾಡಿಯಾಗಿದ್ದರೆ ಅವರು ಹೂಂ ಅಂದುಬಿಡುತ್ತಿದ್ದರೋ ಏನೋ. ಆದರೆ ಈ ಮನುಷ್ಯ ಇಷ್ಟು ದಿನ ಹಲ್ಲು ಕಚ್ಚಿ ಬಲಗಾಲಿನ ವ್ಯಾಯಾಮ ಮಾಡಿದ್ದೇ ಈ ಗಾಡಿಯ ಆಸೆಗೆ. ಇದನ್ನೂ ಬಿಟ್ಟರೆ ಮುಂದೆ ಹಾಸಿಗೆ ಹಿಡಿಯುವುದೊಂದೇ ಬಾಕಿ. ಕಾರಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು, ಬಾಗಿಲನ್ನು ಜೋರಾಗಿ ಹಾಕಿದರೆ ಗಂಡನಿಗೆ ಸಿಟ್ಟು ಬರುತ್ತದೆ ಎಂಬುದಷ್ಟೇ. ಆದರೂ ಹಟ ಹಿಡಿದರು. ಕಾಲನ್ನು ಆಮೇಲೆ ಬೈಯಬಹುದು, ಮೊದಲು ಬಾನೆಟ್ ತೆಗೆದು ನೋಡಿ ಎಂದರು.

ಗೊಣಗುತ್ತಲೇ ಇಳಿದ ಶ್ಯಾಮರಾವ್ ಅದನ್ನಿದನ್ನು ಮುಟ್ಟಿ ನೋಡಿ, ಕೊನೆಗೆ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದರು. ಇಂಜಿನ್ನು ಎಳೆದುಕೊಳ್ಳುವ ಗಾಳಿಯನ್ನು ಸೋಸಲು ಅದರೊಳಗೆ ಮಡಿಕೆ ಮಡಿಕೆಯಾದ ಕಾಗದವಿರುತ್ತದೆ. ಹೊಸದಿದ್ದಾಗ ಬಿಳಿ, ಹಳತಾದರೆ ಕಪ್ಪು. ಇದು ಹಚ್ಚ ಹಳದಿಯಾಗಿತ್ತು. ಒಂದು ಮಡಿಕೆಯನ್ನೂ ಬಿಡದೆ ಅರಿಸಿನ ಗಟ್ಟಿಯಾಗಿ ಕೂತಿತ್ತು. ಅವರು ಅದನ್ನು ಮೂಸಿ ನೋಡಿ ಹೆಂಡತಿಯ ಕಡೆ ತಿರುಗಿದರು. ಅಂಬಾಬಾಯಿಯ ಮುಖ ಸಣ್ಣದಾಯಿತು.

ಧಾರವಾಡ ಕಡೆಯ ಈ ಮನೆತನಕ್ಕೆ ಮೈಲಾರಲಿಂಗ ಮನೆದೇವರು. ಪುಣೆಗೆ ಬಂದ ಮೇಲೆ ಜೆಜೂರಿಯ ಖಂಡೋಬನಲ್ಲೇ ಅವನನ್ನು ಕಂಡುಕೊಂಡಿದ್ದರು. ಗಂಡ ಬದುಕಿ ಮನೆಗೆ ಬಂದರೆ ಜೆಜೂರಿಗೆ ಬರುತ್ತೇನೆಂದು ಅಂಬಾಬಾಯಿ ಹರಕೆ ಹೊತ್ತಿದ್ದರು. ಮಗಳು ಅನುಜಾ ಇದೇ ಗಾಡಿಯಲ್ಲಿ ಸಾಸವಡದ ಮೇಲೆ ಹಾಯ್ದು ಕರೆದುಕೊಂಡು ಹೋಗಿದ್ದಳು. ದರ್ಶನ ಮುಗಿಸಿ ಗುಡ್ಡ ಇಳಿದು ಬಂದವರು, ಗಾಡಿಗೂ ದೇವರ ಭಂಡಾರದ ಅರಿಸಿನ ಬೀಳಲಿ ಎಂದು ಬಾನೆಟ್ ತೆಗೆಸಿದರು. ಅಲ್ಲಿಗೇ ಬಿಟ್ಟಿದ್ದರೆ ಸರಿಯಿತ್ತು. ಗಾಡಿ ಉಸಿರಾಡುವುದು ಎಲ್ಲಿಂದ ಎಂದು ಮಗಳನ್ನು ಕೇಳಿ, ಅವಳು ಅತ್ತ ತಿರುಗಿದ್ದೇ ತಡ, ಅವಳು ತೋರಿಸಿದ ಕೊಳವೆಯ ಬಾಯಿಗೇ ಹಿಡಿ ಹಿಡಿಯಾಗಿ ಭಂಡಾರ ಸುರಿದಿದ್ದರು.

"ದವಾಖಾನ್ಯಾಗ ಮೂಗಿಗೆ ಪೈಪು ಹಚ್ಚಿಕೊಂಡು ನೀವು ಉಸಿರಿಗೆ ಒದ್ದಾಡೋದು ನೋಡಿದ್ನಲ್ರಿ," ಎಂದರು ಅಂಬಾಬಾಯಿ. "ನಿಮ್ಮ ಗಾಡಿಗಾದ್ರೂ ಆ ಗತಿ ಬರಬಾರ್ದು ಅಂತ ಮಾಡಿದೆ."

ಶ್ಯಾಮರಾವ್‌ಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಹೆಂಡತಿಯ ಮೇಲೆ ಉಕ್ಕಿ ಬಂದ ಮಮತೆಗೆ ನಗುವೇ ಬಂತು. ಬಾಯಿಯ ಒಂದು ಮಗ್ಗುಲು ಇನ್ನೂ ಸೊಟ್ಟಗಿದ್ದರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ದೇವರ ಭಂಡಾರ ಕಾಲಡಿಗೆ ಬೀಳಬಾರದೆಂದು ಅಂಬಾಬಾಯಿ ನೆಲಕ್ಕೆ ಪೇಪರ್ ಹಾಸಿದರು. ಶ್ಯಾಮರಾವ್ ಫಿಲ್ಟರನ್ನು ಅದರ ಮೇಲೆ ತಟ್ಟಿ ತಟ್ಟಿ ಝಾಡಿಸಿದರು. ಬಿದ್ದದ್ದರಲ್ಲಿ ಒಂದು ಚಿಟಿಕೆ ತೆಗೆದು ಅಂಬಾಬಾಯಿ ಗಂಡನ ಹಣೆಗೆ ಹಚ್ಚಲು ಹೋದರೆ, ಅದರಲ್ಲಿ ಅರ್ಧ ಕೊಂಢವಾ ರಸ್ತೆಯ ಧೂಳೇ ಇದೆ ಎಂದು ಅವರು ತಪ್ಪಿಸಿಕೊಂಡರು. ಅಂಬಾಬಾಯಿ ಬಿಡದೆ ಹಚ್ಚಿದರು.

ಝಾಡಿಸಿದ ಫಿಲ್ಟರನ್ನೇ ಮತ್ತೆ ಕೂಡಿಸಿ ಗಾಡಿ ತೆಗೆದರು. ಏರಿನ ಅರ್ಧಕ್ಕೆ ಬಂದಾಗ ಶ್ಯಾಮರಾವ್ ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದರು. ಗಾಡಿ ನಿಲ್ಲಲಿಲ್ಲ. ತುದಿ ಮುಟ್ಟಿದ ಮೇಲೆ ಶ್ಯಾಮರಾವ್ ಎಡಗೈಯಿಂದ ತಮ್ಮ ಬಲ ಮೊಣಕಾಲನ್ನು ಒಮ್ಮೆ ಸವರಿಕೊಂಡರು. ಕಾಲು ಇನ್ನೂ ತಮ್ಮ ಮಾತು ಕೇಳುತ್ತದೆ ಎಂಬುದೇ ಅವರಿಗೆ ದೊಡ್ಡ ಸಂತೋಷವಾಗಿತ್ತು.

ಹೊಸ ಫಿಲ್ಟರ್ ಕೇಳಿದಾಗ ಬಿಡಿಭಾಗದ ಅಂಗಡಿಯವನು ಅವರ ಮುಂದೆ ಎರಡು ಡಬ್ಬಿ ಇಟ್ಟು ಮರಾಠಿಯಲ್ಲಿ ವಿವರಿಸಿದ. ಒಂದು ಕಾಗದದ್ದು, ವರ್ಷಕ್ಕೊಮ್ಮೆ ಬದಲಿಸಲೇಬೇಕು. ಇನ್ನೊಂದು ಬಟ್ಟೆಯದು. ನಡುನಡುವೆ ತೊಳೆದು ಹಾಕಿದರಾಯಿತು, ಗಾಡಿ ಇರುವ ತನಕ ಅದೊಂದೇ ಸಾಕು. ಶ್ಯಾಮರಾವ್ ಬಟ್ಟೆಯದನ್ನು ಎತ್ತಿಕೊಂಡರು.

"ಇದ ಇರಲಿ, ಅಂಬಾ. ನಾಳೆ ನಾ ಇಲ್ಲದಾಗ ನಿನಗ ಬದಲಿ ಮಾಡೋ ತ್ರಾಸ ಬ್ಯಾಡ."

ಕಾಯಿಪಲ್ಯ ತರುವ ಮಾತಾಡಿದಷ್ಟೇ ಸಲೀಸಾಗಿ ಅಂದರು. ಅಂಬಾಬಾಯಿ ಆ ಡಬ್ಬಿಯನ್ನು ಅವರ ಕೈಯಿಂದ ಬಿಡಿಸಿಕೊಂಡು ಅಂಗಡಿಯವನ ಕಡೆ ಸರಿಸಿದರು. ಕಾಗದದ ಫಿಲ್ಟರನ್ನು ತೆಗೆದು ಗಂಡನ ಎರಡೂ ಕೈಯಲ್ಲಿಟ್ಟರು.

"ವರ್ಷಾ ವರ್ಷಾ ಬದಲಿ ಮಾಡೋದ ಬೇಕು ನನಗ. ಬರೋ ವರ್ಷ ನೀವ ಮಾಡ್ರಿ. ಅದರ ಮುಂದಿನ ವರ್ಷಾನೂ ನೀವ."